ಹೆಸರು ಮಾರದ ಅಕ್ಕಾರು

ಅಕ್ಕಾರು ತೀರಿಕೊಂಡ ಸುದ್ದಿಯನ್ನು ಸಾವಿತ್ರಿ ಫೋನಿನಲ್ಲಿ ಹೇಳಿದಾಗ ನಾನು ಅಥಣಿಯ ಬಸ್ ನಿಲ್ದಾಣದ ಎದುರು ಚಹಾ ಕುಡಿಯುತ್ತಿದ್ದೆ. "ಮುಂಜಾನಿ ಹೋದ್ರು. ಎದಿ ನೋವು ಅಂದ್ರಂತ, ದವಾಖಾನಿ ಮುಟ್ಟೂದ್ರಾಗ ಮುಗಿದಿತ್ತು. ಸಂಜಿಮುಂದ ಮಣ್ಣು. ಬರ್ರಿ," ಎಂದಳು. ಅಷ್ಟು ಹೇಳಿ ಫೋನ್ ಇಟ್ಟಳು. ಅಕ್ಕಾರ ಕೈಕೆಳಗೆ ಕೆಲಸ ಮಾಡಿದವರಿಗೆ ಬೇಕಾದುದಕ್ಕಿಂತ ಹೆಚ್ಚು ಮಾತು ಸೇರಿಸುವ ಅಭ್ಯಾಸ ಉಳಿಯುವುದಿಲ್ಲ.

ಮರುದಿನ ಒಂದು ಪತ್ರಿಕೆ ಒಳಪುಟದಲ್ಲಿ ನಾಲ್ಕು ಸಾಲು ಹಾಕಿತ್ತು. "ಕೃಷಿ ತಂತ್ರಜ್ಞಾನ ಬರವಣಿಗೆಯ ಅಪ್ರತಿಮ ಸಾಧಕಿ" ಎಂದಿತ್ತು ಅದರಲ್ಲಿ. ಓದುತ್ತಿದ್ದಂತೆ ನನಗೆ ಅವರ ದನಿಯೇ ಕೇಳಿದಂತಾಯಿತು: "ಅಪ್ರತಿಮ ಅಂದ್ರ? ಯಾರ್‍ಯಾರ ಜೋಡಿ ಹೋಲಿಸಿ ನೋಡ್ಯಾರ?" ಆ ಶಬ್ದದ ಮೇಲೆ ಅವರು ಎಳೆಯುತ್ತಿದ್ದ ಕೆಂಪು ಗೆರೆಯೂ ಕಂಡಿತು.

ನಮ್ಮ ಕಡೆ ಶಾಲೆಯ ಶಿಕ್ಷಕಿಯರನ್ನು ಅಕ್ಕಾರು ಎನ್ನುತ್ತೇವೆ. ರಾಯಬಾಗದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ಅವರು ಆ ಕೆಲಸ ಬಿಟ್ಟ ಮೇಲೂ ಎಲ್ಲರಿಗೂ ಅಕ್ಕಾರೇ ಆಗಿ ಉಳಿದರು. ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲಕ್ಕೆ ಚಿಕ್ಕೋಡಿಯಲ್ಲಿ ಒಂದು ಮಾಸಪತ್ರಿಕೆ ಹೊರಡಿಸಿದರು. ಬಟ್ಟೆ ಅಂಗಡಿಯೊಂದರ ಮೇಲಿನ ಎರಡು ಖೋಲಿಗಳೇ ಕಚೇರಿ. ಅಚ್ಚಾಗುತ್ತಿದ್ದುದು ನಿಪ್ಪಾಣಿಯಲ್ಲಿ. ಹೊಲಕ್ಕೆ ಬರುವ ಹೊಸ ಯಂತ್ರಗಳನ್ನು, ಅಂದರೆ ಹನಿ ನೀರಾವರಿಯ ಪೈಪು, ಔಷಧ ಹೊಡೆಯುವ ಪಂಪು, ಮಣ್ಣಿನ ತೇವ ಹೇಳುವ ಸಾಧನ ಮುಂತಾದವನ್ನು, ತಾವೇ ಹೊಲದಲ್ಲಿ ಪರೀಕ್ಷಿಸಿ ಅಂಕಿ ಸಮೇತ ಬರೆಯುವುದು ಆ ಪತ್ರಿಕೆಯ ಕೆಲಸ. ಬೇರೆ ಏನೂ ಅದರಲ್ಲಿ ಇರುತ್ತಿರಲಿಲ್ಲ. ಕವಿತೆ ಕಳಿಸಿದವರಿಗೆ "ಚೆನ್ನಾಗಿದೆ, ಆದರೆ ಪರೀಕ್ಷಿಸಲು ಬರುವುದಿಲ್ಲ" ಎಂದು ಉತ್ತರ ಬರೆಯುತ್ತಿದ್ದರು.

ನಾನು ಅವರನ್ನು ಮೊದಲು ಕಂಡದ್ದು ಬೈಸಿಕೊಳ್ಳಲು. ಆಗ ನಾನು ಅಥಣಿಯಲ್ಲಿ ಒಂದು ದಿನಪತ್ರಿಕೆಯ ತಾಲೂಕು ವರದಿಗಾರ. ಔಷಧ ಹೊಡೆಯುವ ಹೊಸ ಪಂಪೊಂದರ ಬಿಡುಗಡೆ ಸಮಾರಂಭಕ್ಕೆ ಹೋಗಿ, ಊಟ ಮಾಡಿ, ಅದನ್ನು ಕ್ರಾಂತಿಕಾರಿ ಪಂಪು ಎಂದು ಬರೆದಿದ್ದೆ. ಕೆಲವು ದಿನಗಳ ಬಳಿಕ ಚಿಕ್ಕೋಡಿಗೆ ಬೇರೆ ಕೆಲಸಕ್ಕೆ ಹೋದಾಗ, ಇಂಥ ಪತ್ರಿಕೆಯೊಂದು ಇದೆಯಂತೆ ನೋಡಿ ಬರೋಣ ಎಂದು ಮೆಟ್ಟಿಲು ಹತ್ತಿದೆ. ಹೆಸರು ಹೇಳಿದ ಕೂಡಲೇ ಅವರು ಮೇಜಿನ ಮೇಲಿನ ಕಾಗದಗಳ ನಡುವಿನಿಂದ ನನ್ನ ವರದಿಯ ತುಣುಕು ತೆಗೆದರು.

"ಕ್ರಾಂತಿಕಾರಿ ಅಂತ ಬರದೀರಿ. ಯಾರ ಹೊಲದಾಗ ನೋಡಿದ್ರಿ?"

"ಹೊಲದಾಗ ನೋಡಿಲ್ರಿ. ಮಂಟಪದಾಗ ಹೊಡದ ತೋರಿಸಿದ್ರು."

"ಮಂಟಪದಾಗ ಯಾವ ಬೆಳಿ ಇತ್ತು?"

ನಾನು ನಕ್ಕೆ. ಅವರು ನಗಲಿಲ್ಲ. ಬಲಗೈಯ ತೋರುಬೆರಳಿನಿಂದ ಮೇಜಿನ ಮೇಲೆ ನಿಧಾನವಾಗಿ ಒಂದು ಸೊನ್ನೆ ಬರೆದರು. ಯಾರಾದರೂ ಆಧಾರವಿಲ್ಲದ ಮಾತಾಡಿದರೆ ಅವರ ಬೆರಳು ಹಾಗೆ ತಾನಾಗಿ ತಿರುಗುತ್ತಿತ್ತು ಎಂದು ಆಮೇಲೆ ತಿಳಿಯಿತು. ಪಕ್ಕದ ಖೋಲಿಯಲ್ಲಿ ಕುಳಿತ ಸಾವಿತ್ರಿ ಪರದೆಯ ಸಂದಿನಿಂದ ಅದನ್ನು ನೋಡಿ, "ಪಾಸ್ ಆಗ್ಲಿಲ್ಲ ಬಿಡ್ರಿ ನೀವು" ಎಂದಳು. ಆ ಪತ್ರಿಕೆಯ ಚಂದಾ, ಜಾಹೀರಾತು, ಅಂಚೆ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವಳು ಅವಳು. ಆದರೆ ನಾನು ಏಳುವ ಹೊತ್ತಿಗೆ ಅಕ್ಕಾರು ಕೇಳಿದರು: "ನಿಮ್ಮ ಕನ್ನಡ ಚಲೋ ಐತಿ. ನೋಡಿ ಬರಿಯೂದು ಕಲೀತೀರೇನು?" ಮುಂದಿನ ತಿಂಗಳಿಂದ ನಾನು ಅಲ್ಲಿದ್ದೆ.

ಅವರ ಮನೆತನಕ್ಕೆ ಹೊಲವಿರಲಿಲ್ಲ. ರಾಯಬಾಗದ ಹತ್ತಿರದ ಹಳ್ಳಿಯೊಂದರಲ್ಲಿ ತಂದೆ ತಾಯಿ ಇಬ್ಬರೂ ಬೇರೆಯವರ ಕಬ್ಬಿನಲ್ಲಿ ದುಡಿದವರು. ಮನೆಯ ಗೋಡೆಯ ಮೇಲಿನ ಬುದ್ಧನ ಚಿತ್ರದ ಕೆಳಗೆ ಕುಳಿತು ಓದಿ ಊರಿನಲ್ಲೇ ಮೊದಲು ಪದವಿ ಪಡೆದ ಹುಡುಗಿ ಇವರು. ಇದು ಗೊತ್ತಿದ್ದ ಕೆಲವರಿಗೆ ಅವರ ಪತ್ರಿಕೆ ಮೊದಲಿನಿಂದಲೂ ನುಂಗಲಾರದ ತುತ್ತಾಗಿತ್ತು. ಕಾಗವಾಡದಲ್ಲಿ ದ್ರಾಕ್ಷಿ ಬೆಳೆಗಾರರ ಸಭೆಯೊಂದರಲ್ಲಿ ಹಿಂದಿನ ಸಾಲಿನಿಂದ ಯಾರೋ ಕೇಳಿಯೇಬಿಟ್ಟರು: "ಹೊಲ ಇಲ್ಲದವ್ರು ಹೊಲದ ಮಷಿನ್ ಬಗ್ಗೆ ಏನ್ ಹೇಳ್ತಾರ?"

ಸಭೆ ಕರೆದಿದ್ದ ಬಾಳಾಸಾಹೇಬರು ಎದ್ದು ಬಯ್ಯಲು ಹೋದರು. ಅಕ್ಕಾರು ಕೈಸನ್ನೆಯಿಂದ ಅವರನ್ನು ಕೂರಿಸಿದರು.

"ಖರೇ ಐತಿ. ಹೊಲ ನಿಮ್ಮದು, ಮಷಿನ್ ನಿಮ್ಮದು. ಅದನ್ನ ಚಾಲೂ ಬಂದ್ ಮಾಡಾವ್ರು ಮಾತ್ರ ನಮ್ಮ ಮಂದಿ. ಮಷಿನ್ ಚಲೋ ನಡದ್ರ ಫಾಯದೆ ನಿಮಗ, ಅದು ಕೆಟ್ಟ ಶಾಕ್ ಹೊಡದ್ರ ನಮ್ಮವ್ರಿಗೆ. ಈಗ ಹೇಳ್ರಿ, ನಾವು ನೋಡಬೇಕೋ ಬ್ಯಾಡೋ?"

ಆ ದಿನ ಸಭೆ ಮುಗಿದ ಮೇಲೆ ಬಾಳಾಸಾಹೇಬರೇ ಬಂದು, ಇನ್ನು ಮುಂದೆ ಏನು ಪರೀಕ್ಷೆ ಮಾಡುವುದಿದ್ದರೂ ನಮ್ಮ ದ್ರಾಕ್ಷಿ ತೋಟ ಬಳಸಿಕೊಳ್ಳಿ ಎಂದರು. ಅಕ್ಕಾರು ಒಪ್ಪಿದರು. ಆದರೆ ಅದೊಂದೇ ಜಾಗ ಸಾಲದು ಎಂದರು. ಕಾಗವಾಡದ ಆ ತೋಟಕ್ಕೆ ಕರೆಂಟು ಚೆನ್ನಾಗಿ ಬರುತ್ತಿತ್ತು. ಚಲೋ ಕರೆಂಟಿನಲ್ಲಿ ಎಲ್ಲ ಯಂತ್ರವೂ ಚಲೋ ನಡೆಯುತ್ತದೆ ಎನ್ನುವುದು ಅವರ ವಾದ. ಹಾಗಾಗಿ ಕರೆಂಟಿನ ಮಗ್ಗಗಳು ಒಮ್ಮೆಲೇ ಶುರುವಾದರೆ ದೀಪ ಮಂಕಾಗುವ ಬೋರಗಾಂವದಲ್ಲೊಂದು ಹೊಲ, ಕರೆಂಟು ಲೈನಿನ ಕೊನೆಗಿದ್ದ ಐಗಳಿಯಲ್ಲೊಂದು ಹೊಲ ಗೊತ್ತುಮಾಡಿದರು.

ಅವರ ರೀತಿಯಲ್ಲಿ ಎರಡು ಮಾತು ಕಲ್ಲಿನಲ್ಲಿ ಕೊರೆದಂತಿದ್ದವು. ಒಂದು, ಪರೀಕ್ಷೆಯ ಸಾಧನವನ್ನು ಕಂಪನಿಯಿಂದ ತೆಗೆದುಕೊಳ್ಳುವಂತಿಲ್ಲ. ಯಾವುದಾದರೂ ಊರಿನ ಯಾವುದಾದರೂ ಅಂಗಡಿಯಲ್ಲಿ, ನಾವು ಯಾರೆಂದು ಹೇಳದೆ ಕೊಳ್ಳಬೇಕು. "ಕಂಪನಿಯವ್ರು ಕೊಡೂದು ಮದುವಿ ಹೆಣ್ಣಿದ್ದಂಗ, ಅಲಂಕಾರ ಮಾಡೇ ಕೊಡ್ತಾರ," ಎನ್ನುತ್ತಿದ್ದರು. ಇನ್ನೊಂದು, ಜಾಹೀರಾತಿನ ಮಾತು ಸಾವಿತ್ರಿಯ ಖೋಲಿಯ ಹೊಸ್ತಿಲು ದಾಟಿ ಈಚೆ ಬರುವಂತಿಲ್ಲ, ಪರೀಕ್ಷೆಯ ಮಾತು ಆಚೆ ಹೋಗುವಂತಿಲ್ಲ. ನಡುವೆ ಬಾಗಿಲೇ ಇರಲಿಲ್ಲ, ಪರದೆ ಮಾತ್ರ. ಆದರೂ ಸಾವಿತ್ರಿಗೆ ಯಾವ ಯಂತ್ರ ಫೇಲಾಯಿತೆಂದು ಪತ್ರಿಕೆ ಅಚ್ಚಾಗಿ ಬಂದ ಮೇಲೆಯೇ ತಿಳಿಯುತ್ತಿತ್ತು.

ಹೀಗಿದ್ದಾಗ ಮೊಬೈಲ್ ಸ್ಟಾರ್ಟರ್ ಬಂತು. ಹೊಲದ ಮೋಟಾರಿನ ಡಬ್ಬಿಗೆ ಜೋಡಿಸುವ ಸಣ್ಣ ಸಾಧನ ಅದು, ಒಳಗೊಂದು ಸಿಮ್. ಮನೆಯಲ್ಲಿ ಕುಳಿತೇ ಫೋನ್ ಮಾಡಿ ಒಂದು ಅಂಕಿ ಒತ್ತಿದರೆ ಮೋಟಾರು ಚಾಲೂ, ಇನ್ನೊಂದು ಒತ್ತಿದರೆ ಬಂದ್. ಆದ ಮೇಲೆ "ಮೋಟಾರು ಬಂದ್ ಆಗಿದೆ" ಎಂದು ಫೋನಿಗೆ ಸಂದೇಶವೂ ಬರುತ್ತದೆ. ಹಾವು ಚೇಳಿನ ಭಯದಲ್ಲಿ ಅಪರಾತ್ರಿ ಹೊಲಕ್ಕೆ ಹೋಗುತ್ತಿದ್ದ ಮಂದಿಗೆ ಅದು ದೊಡ್ಡ ವರವೇ. ಚಿಕ್ಕೋಡಿಯಿಂದ ಕಾಗವಾಡದವರೆಗೆ ಎಲ್ಲರ ಬಾಯಲ್ಲೂ ಅದೇ ಮಾತು. ಅದನ್ನು ತಯಾರಿಸುತ್ತಿದ್ದ ಕಂಪನಿ ನಮ್ಮ ಪತ್ರಿಕೆಯ ಹಿಂದಿನ ರಕ್ಷಾಪುಟವನ್ನು ಇಡೀ ವರ್ಷಕ್ಕೆ ಹಿಡಿದಿತ್ತು. ಪತ್ರಿಕೆ ಉಸಿರಾಡುತ್ತಿದ್ದುದು ಆ ಒಂದು ಪುಟದಿಂದ.

ಬೇರೆ ಬೇರೆ ಅಂಗಡಿಗಳಿಂದ ಕೆಲವು ಸ್ಟಾರ್ಟರ್ ಕೊಂಡು ತಂದು ಮೂರೂ ಹೊಲಗಳಲ್ಲಿ ಕೂರಿಸಿದೆವು. ಕಾಗವಾಡದಲ್ಲಿ ಒಂದು ಸಲವೂ ತಪ್ಪಲಿಲ್ಲ. ಬಾಳಾಸಾಹೇಬರು ಮನೆಯ ಉಯ್ಯಾಲೆಯ ಮೇಲೆ ಕುಳಿತು ಮೋಟಾರು ಚಾಲೂ ಬಂದ್ ಮಾಡಿ, ಮಕ್ಕಳಂತೆ ಹಿಗ್ಗುತ್ತಿದ್ದರು.

ಐಗಳಿಗೆ ನಾವು ಹೋದದ್ದು ಬಿಸಿಲು ಏರಿದ ಒಂದು ಮಧ್ಯಾಹ್ನ. ಅಲ್ಲಿ ಮೋಟಾರು ಬೋರಿನ ಆಳದಲ್ಲಿತ್ತು. ನಡೆಯುತ್ತಿದೆಯೋ ನಿಂತಿದೆಯೋ ಮೇಲೆ ನಿಂತವರಿಗೆ ಸದ್ದು ಕೇಳುವುದಿಲ್ಲ. ನೀರು ಬೀಳುವ ಪೈಪಿನ ಬಾಯಿ ಹೊಲದ ಆ ತುದಿಗೆ. ನಾನು ಅಲ್ಲಿ ನಿಂತಿದ್ದೆ. ಅಕ್ಕಾರು ಫೋನ್ ಹಿಡಿದು ಬೋರಿನ ಹತ್ತಿರ. ಹೊಲ ನೋಡಿಕೊಳ್ಳುವ ಕಲ್ಲಪ್ಪನೂ ಅವರ ಜೊತೆಗಿದ್ದ. ಬೋರಿನ ಬಾಯಿಯಲ್ಲಿ ಕೇಬಲ್ಲಿನ ಜೋಡಣೆಗೆ ಸುತ್ತಿದ್ದ ಟೇಪಿನ ಪಟ್ಟಿ ಸಡಿಲಾಗಿತ್ತು. ಮೋಟಾರು ಬಂದ್ ಆದ ಕೂಡಲೇ ಅದನ್ನು ಸುತ್ತಿಬಿಡುತ್ತೇನೆ ಎಂದು ಅವನು ಪಟ್ಟಿ ಹಿಡಿದು ಕಾಯುತ್ತಿದ್ದ. ಅಕ್ಕಾರು ಅಂಕಿ ಒತ್ತಿದರು. ಸಂದೇಶ ಬಂತು. "ಬಂದ್ ಆತು ನೋಡ್ರಿ," ಎಂದು ಕಲ್ಲಪ್ಪ ಬಗ್ಗಿದ.

ನನ್ನ ಕಾಲ ಮುಂದೆ ನೀರು ಬೀಳುತ್ತಲೇ ಇತ್ತು. ಪೈಪಿನಲ್ಲಿ ಉಳಿದ ನೀರಿರಬೇಕು ಎಂದುಕೊಂಡು ಒಂದು ಗಳಿಗೆ ನೋಡಿದೆ. ರಭಸ ತಗ್ಗಲಿಲ್ಲ. ಟವೆಲ್ ಬೀಸುತ್ತ ಓಡುತ್ತ ಕೂಗಿದೆ: "ನೀರು ನಿಂತಿಲ್ರಿ! ನೀರು ಬರಾಕತ್ತೈತಿ!"

ಅಕ್ಕಾರಿಗೆ ನನ್ನ ಮಾತು ಕೇಳಿಸಿತೋ, ಟವೆಲ್ ಕಂಡಿತೋ. ಅವರು ಕಲ್ಲಪ್ಪನ ಅಂಗಿಯ ಬೆನ್ನು ಹಿಡಿದು ಎಳೆದ ರಭಸಕ್ಕೆ ಇಬ್ಬರೂ ಹಿಂದಕ್ಕೆ ಬಿದ್ದರು. ನಾನು ಹತ್ತಿರ ಬಂದಾಗ ಕಲ್ಲಪ್ಪ ನೆಲದ ಮೇಲೆ ಕುಳಿತು ತನ್ನ ಎರಡೂ ಕೈಗಳನ್ನು ನೋಡಿಕೊಳ್ಳುತ್ತಿದ್ದ. "ಫೋನಿನ್ಯಾಗ ಬಂದ್ ಅಂತ ಬಂದಿತ್ತಲ್ರಿ, ಅಕ್ಕಾರ," ಎಂದು ಮತ್ತೆ ಮತ್ತೆ ಅನ್ನುತ್ತಿದ್ದ.

ಅಕ್ಕಾರ ಮೊಣಕೈ ತರಚಿ ರಕ್ತ ಬರುತ್ತಿತ್ತು. ಅದನ್ನು ಸೆರಗಿನಿಂದ ಒತ್ತಿಕೊಂಡೇ ಹೋಗಿ ಮೇನ್ ಸ್ವಿಚ್ ಎಳೆದು ಬಂದರು. ನಾನು, "ಈ ತಿಂಗಳನ ಛಾಪಿಸೂಣ್ರಿ," ಎಂದೆ.

"ಇವತ್ತ ಊರಾಗ ಎಲ್ಲರಿಗೂ ಬಾಯಿಲೆ ಹೇಳೂಣ, ಕೇಬಲ್ ಮುಟ್ಟಬ್ಯಾಡ್ರಿ ಅಂತ," ಎಂದರು. "ಛಾಪಸೂದು ಈಗಲ್ಲ. ಒಂದ ಸಲ ಆದದ್ದು ಸುದ್ದಿ. ಅದು ಯಾವಾಗ ಆಗತೈತಿ, ಯಾಕ ಆಗತೈತಿ, ಗೊತ್ತಾಗಲಿ."

ಸಂಜೆಯವರೆಗೆ ನಾವು ಐಗಳಿಯ ಹೊಲಹೊಲ ತಿರುಗಿ ಹೇಳಿದೆವು. ಆಮೇಲೆ ವಾರಗಟ್ಟಲೆ ಪರೀಕ್ಷೆ. ಪ್ರತಿ ಸಲ ಬಂದ್ ಮಾಡುವಾಗ ವೋಲ್ಟೇಜು ಎಷ್ಟಿತ್ತು, ಸಂದೇಶ ಏನು ಬಂತು, ನೀರು ನಿಂತಿತೋ ಇಲ್ಲವೋ ಎಲ್ಲವನ್ನೂ ಬರೆದುಕೊಂಡೆವು. ಕರೆಂಟು ಕ್ಷೀಣವಾದಾಗ ಸ್ಟಾರ್ಟರಿನ ಒಳಗಿನ ಸ್ವಿಚ್ಚು ಕಟಕಟ ಬಡಿದುಕೊಂಡು, ಕರೆಂಟು ಹಾಯಿಸುವ ಅದರ ಲೋಹದ ಬಿಲ್ಲೆಗಳು ಕಾದು ಒಂದಕ್ಕೊಂದು ಅಂಟುತ್ತಿದ್ದವು. ಅಂಟಿದ್ದು ಬಿಡುತ್ತಿರಲಿಲ್ಲ, ಮೋಟಾರು ನಡೆಯುತ್ತಲೇ ಇರುತ್ತಿತ್ತು. ಆದರೆ ಸಾಧನ ಅದನ್ನು ನೋಡುತ್ತಲೇ ಇರಲಿಲ್ಲ. ಸ್ವಿಚ್ಚಿಗೆ "ಬಿಡು" ಎಂದು ಹೇಳಿದ ಕೂಡಲೇ, ಬಿಟ್ಟಿತೆಂದು ತಿಳಿದು ಸಂದೇಶ ಕಳಿಸುತ್ತಿತ್ತು. ಐಗಳಿಯಲ್ಲಿ ಇದು ಮತ್ತೆ ಮತ್ತೆ ಆಯಿತು, ಬೋರಗಾಂವದಲ್ಲಿ ಆಗೊಮ್ಮೆ ಈಗೊಮ್ಮೆ.

ವರದಿ ಬರೆದವನು ನಾನು. "ರೈತರ ಪ್ರಾಣದ ಜೊತೆ ಚೆಲ್ಲಾಟ" ಎಂದು ತಲೆಬರಹ ಕೊಟ್ಟಿದ್ದೆ. ಅಕ್ಕಾರು ಓದಿ ಕೇಳಿದರು: "ಚೆಲ್ಲಾಟ ಆಡೂದು ನೀವು ನೋಡೀರೇನು? ಅವ್ರಿಗೆ ಗೊತ್ತಿದ್ದೂ ಮಾಡ್ಯಾರಂತ ನಮ್ಮ ಕಡೆ ಏನೈತಿ?" ಗೆರೆ ಎಳೆದು ತಾವೇ ಬರೆದರು: "ಮೊಬೈಲ್ ಸ್ಟಾರ್ಟರ್: ಕರೆಂಟು ಕ್ಷೀಣವಿದ್ದಾಗ ಬಂದ್ ಎಂಬ ಸಂದೇಶ ನಂಬಿ ಕೇಬಲ್ ಮುಟ್ಟಬೇಡಿ."

ಆಮೇಲೆ, "ಕಾಗವಾಡದ ಅಂಕಿ ಎಲ್ಲಿ ಅದಾವ?" ಎಂದರು. ಅವನ್ನು ನಾನು ಬೇಕೆಂದೇ ಬಿಟ್ಟಿದ್ದೆ. ಅಲ್ಲಿ ಎಲ್ಲ ಸರಿಯಾಗಿತ್ತು, ಅದನ್ನು ಹಾಕಿದರೆ ವರದಿಯ ಕಸುವು ಹೋಗುತ್ತದೆ ಎಂದೆ.

"ಹಾಕ್ರಿ. ನಮಗ ಬೇಕಾದ್ದಷ್ಟ ಹಾಕಿದ್ರ ನಮ್ಮ ಪತ್ರಿಕಿಗೂ ಅವ್ರ ಹ್ಯಾಂಡ್‌ಬಿಲ್ಲಿಗೂ ಫರಕ ಏನುಳೀತು?"

ಅಚ್ಚಿಗೆ ಮೊದಲು ವರದಿಯನ್ನು ಕಂಪನಿಗೆ ಕಳಿಸಿ ಉತ್ತರ ಕೇಳುವುದು ಪದ್ಧತಿ. ಈ ಸಲ ಉತ್ತರದ ಬದಲು ಅಧಿಕಾರಿಯೇ ಬಂದರು. ನಿಪ್ಪಾಣಿ ಕಡೆಯ ಸಭ್ಯ ಮನುಷ್ಯ. ಮರಾಠಿಯಲ್ಲಿ ಶುರುಮಾಡಿ ಕನ್ನಡಕ್ಕೆ ಬಂದರು.

"ನಿಮ್ಮ ಪರೀಕ್ಷಾ ತಪ್ಪ ಅಂತ ನಾ ಹೇಳಾಂಗಿಲ್ರಿ, ಅಕ್ಕಾರ. ನಮ್ಮ ಇಂಜಿನಿಯರ್‌ಗೂ ಈಗ ತಿಳದೈತಿ. ದೀಪಾವಳಿ ಮುಗದ ಮ್ಯಾಲ ಹೊಸಾ ಮಾಡೆಲ್ ಬರತೈತಿ, ಅದ್ರಾಗ ಈ ತ್ರಾಸ ಇರಂಗಿಲ್ಲ. ಅಲ್ಲೀಮಟ ತಡೀರಿ. ಮಂದಿಗೆ ಸುಮ್ಮ ಯಾಕ ಹೆದರಸ್ತೀರಿ? ಮೇನ್ ಸ್ವಿಚ್ ತಗದ ಕೆಲಸ ಮಾಡ್ರಿ ಅಂತ ನಾವು ಪುಸ್ತಕದಾಗ ಬರದೇವಿ."

"ಯಾವ ಭಾಷೆದಾಗ ಬರದೀರಿ?"

ಪುಸ್ತಕ ಇಂಗ್ಲಿಷಿನಲ್ಲಿತ್ತು.

"ನೀವು ಈಗ ಹೇಳಿದ್ದನ್ನ ಎಲ್ಲಾ ಬರದ ಕೊಡ್ರಿ. ಒಂದಕ್ಷರ ಬಿಡದ ಛಾಪಸ್ತೀನಿ. ಹೊಸಾ ಮಾಡೆಲ್ ಬರೂದನ್ನೂ ಛಾಪಸ್ತೀನಿ."

ಅಧಿಕಾರಿ ತಗ್ಗಿದ ದನಿಯಲ್ಲಿ, "ಹಿಂದಿನ ಪುಟದ ಬಗ್ಗೆ ನಮ್ಮ ಸಾಹೇಬ್ರು ಏನಂದ್ರಂದ್ರ..." ಎಂದರು.

"ಪುಟದ ಮಾತು ಆಚೆ ಖೋಲ್ಯಾಗ. ಸಾವಿತ್ರಿ ಅದಾಳ. ಇಲ್ಲಿ ಆ ಮಾತಿಲ್ಲ."

ಅವರು ಪರದೆ ಸರಿಸಿ ಆಚೆ ಹೋದರು. ಸ್ವಲ್ಪ ಹೊತ್ತಿಗೆ ಮೆಟ್ಟಿಲು ಇಳಿಯುವ ಸದ್ದು. ಸಾವಿತ್ರಿ ಒಳಗೆ ಬಂದಳು. ಅಷ್ಟು ವರ್ಷಗಳಲ್ಲಿ ಅವಳು ಆ ಹೊಸ್ತಿಲು ದಾಟಿ ಜಾಹೀರಾತಿನ ಮಾತಾಡಿದ್ದು ಅದೊಂದೇ ಸಲ.

"ಅಕ್ಕಾರ, ಇದನ್ನ ಛಾಪಿಸಿದ್ರ ಅವ್ರು ಹೋಗ್ತಾರ. ಅವ್ರ ಹಿಂದ ಇನ್ನೂ ನಾಕು ಮಂದಿ ಹೋಗ್ತಾರ. ಪತ್ರಿಕಿನ ಉಳೀಲಿಲ್ಲಂದ್ರ ಮುಂದಿನ ಖರೇ ಮಾತು ಎಲ್ಲಿ ಛಾಪಸ್ತೀರಿ? ದೀಪಾವಳಿ ಏನ್ ದೂರ ಐತ್ರಿ? ತಡದ್ರ ಸುಳ್ಳ ಹೇಳಿದಂಗ ಏನ್ ಆಗೂದಿಲ್ಲಲ್ಲ."

ಅದು ಮೂರ್ಖ ಮಾತಾಗಿರಲಿಲ್ಲ. ಅವಳಿಗೆ ಇಬ್ಬರು ಮಕ್ಕಳು, ಗಂಡನ ದುಡಿಮೆ ನೆಚ್ಚುವಂಥದ್ದಲ್ಲ. ಅಕ್ಕಾರ ಬೆರಳು ಮೇಜಿನ ಮೇಲೆ ಸೊನ್ನೆ ಬರೆಯಲಿಲ್ಲ.

"ನೀ ಹೇಳೂದು ಸುಳ್ಳಲ್ಲ, ಸಾವಿತ್ರಿ. ಪತ್ರಿಕಿ ಬಂದ್ ಆದ್ರೂ ಆಗಬಹುದು. ಆದ್ರ ಆ ಡಬ್ಬಿ ಎಷ್ಟ ಊರಾಗ ಹೋಗೇತಿ? ನಾವು ಬಾಯಿಲೆ ಹೇಳಿದ್ದು ಐಗಳಿಗಷ್ಟ. ಬ್ಯಾರೆ ಊರಾಗ ಒಬ್ಬಾಂವ ನಾಳೆ ಕೇಬಲ್ಲಿಗೆ ಕೈ ಹಾಕಾಂವ ಇದ್ದಾನ. ಅವ್ಗ ದೀಪಾವಳಿಮಟ ತಡಿ ಅಂತ ಹೇಳಾವ್ರು ಯಾರು? ನೀ ಹೇಳ್ತಿಯೇನು?"

ಸಾವಿತ್ರಿ ಕಣ್ಣೊರೆಸಿಕೊಂಡು, "ಈ ಸಲ ಪ್ರತಿ ಜಾಸ್ತಿ ಹಾಕಸ್ರಿ ಹಂಗಾರ. ಚಂದಾ ಇಲ್ಲದ ಊರಿಗೂ ಕಳಸೂಣು," ಎಂದಳು.

ವರದಿ ಬಂತು. ಕಂಪನಿಯ ಉತ್ತರವೂ ಅದರ ಪಕ್ಕದಲ್ಲೇ ಬಂತು. ಹಿಂದಿನ ಪುಟ ಹೋಯಿತು. ಸಾವಿತ್ರಿ ಹೇಳಿದಂತೆ ಇನ್ನೂ ಕೆಲವರು ಹೋದರು. ಪತ್ರಿಕೆಯ ಪುಟಗಳು ಅರ್ಧಕ್ಕಿಳಿದು, ಕಾಗದ ಮಂದ ಬಣ್ಣಕ್ಕೆ ತಿರುಗಿತು. ಅಥಣಿಯ ಅಂಗಡಿಯವನೊಬ್ಬ ನಮ್ಮ ಪತ್ರಿಕೆಯ ಕಟ್ಟನ್ನು ಬಿಚ್ಚದೆ ವಾಪಸು ಕಳಿಸಿದ. ಅಕ್ಕಾರು ಮನೆಯಲ್ಲಿ ಮತ್ತೆ ಗಣಿತದ ಟ್ಯೂಷನ್ ಶುರುಮಾಡಿದರು. ಬೆಳಿಗ್ಗೆ ಮಕ್ಕಳಿಗೆ ಬೀಜಗಣಿತ ಹೇಳಿ, ಬುತ್ತಿ ಕಟ್ಟಿಕೊಂಡು ಕಚೇರಿಗೆ ಬರುತ್ತಿದ್ದರು.

ಆದರೆ ಇನ್ನೊಂದು ಕಂಪನಿಗೆ ಹಬ್ಬವಾಯಿತು. ಅವರದೂ ಮೊಬೈಲ್ ಸ್ಟಾರ್ಟರೇ. ನಿಪ್ಪಾಣಿಯ ಅವರ ಅಂಗಡಿಯವರು ನಮ್ಮ ವರದಿಯನ್ನು ದೊಡ್ಡದು ಮಾಡಿ ಅಚ್ಚು ಹಾಕಿಸಿ, ಕೆಳಗೆ "ಆದ್ದರಿಂದ ನಮ್ಮದನ್ನೇ ಕೊಳ್ಳಿ" ಎಂದು ಬರೆದು ಬಾಗಿಲಲ್ಲಿ ಅಂಟಿಸಿದರು. ಅಕ್ಕಾರಿಗೆ ಶಾಲು ಹೊದಿಸಿ ಸನ್ಮಾನ ಮಾಡುತ್ತೇವೆಂದು ಹೇಳಿಕಳಿಸಿದರು. ಅಕ್ಕಾರು ಬಸ್ಸು ಹಿಡಿದು ನಿಪ್ಪಾಣಿಗೆ ಹೋದರು. ಜೊತೆಗೆ ನಾನು. ಅಂಗಡಿಯವರು ಹಾರ ತರಿಸಲು ಆಳನ್ನು ಓಡಿಸುತ್ತಿದ್ದಂತೆ ಅಕ್ಕಾರು ಬಾಗಿಲ ಹತ್ತಿರವೇ ನಿಂತು, "ಇದನ್ನ ತಗೀರಿ," ಎಂದರು.

"ನೀವೇ ಬರದದ್ದಲ್ರಿ ಇದು!"

"ಮ್ಯಾಲಿಂದು ನಾವು ಬರದದ್ದು. ಕೆಳಗಿಂದು ನೀವು ಬರದದ್ದು. ನಿಮ್ಮದನ್ನ ನಾವು ಮುಟ್ಟೇ ಇಲ್ಲ. ಅವ್ರದು ಫೇಲ್ ಆದ್ರ ನಿಮ್ಮದು ಪಾಸ್ ಹೆಂಗಾತು?"

ಕಾಗದ ಹರಿದು ಕೈಗೆ ಬರುವವರೆಗೆ ಅಕ್ಕಾರು ಅಲ್ಲಿಂದ ಕದಲಲಿಲ್ಲ. ಬೇರೆ ಊರಿನ ಅಂಗಡಿಗಳಿಂದ ಅವರ ಸಾಧನವನ್ನೂ ಕೊಂಡು ಪರೀಕ್ಷಿಸಿದೆವು. ಅದು ಹೋದ ಕರೆಂಟು ಮರಳಿ ಬಂದಾಗ ಯಾರೂ ಹೇಳದೆ ತಾನೇ ಮೋಟಾರು ಚಾಲೂ ಮಾಡುತ್ತಿತ್ತು. ಅದೂ ಅಚ್ಚಾಯಿತು. ಶಾಲಿನ ಸುದ್ದಿ ಮತ್ತೆ ಬರಲಿಲ್ಲ.

ಇಷ್ಟಾದರೂ ಅಕ್ಕಾರು ಎಂಥವರೆಂದು ನನಗೆ ಪೂರ್ತಿ ತಿಳಿದದ್ದು ಮುಂದಿನ ವರ್ಷ. ಮೊದಲ ಕಂಪನಿಯ ಹೊಸ ಮಾದರಿ ಬಂದಿತ್ತು. ಮೋಟಾರಿಗೆ ಹರಿಯುವ ಕರೆಂಟು ನಿಜವಾಗಿ ನಿಂತದ್ದನ್ನು ನೋಡಿಯೇ ಅದು ಸಂದೇಶ ಕಳಿಸುತ್ತಿತ್ತು. ಐಗಳಿಯಲ್ಲಿ ಎಷ್ಟು ಕಾಡಿದರೂ ಅದು ಸುಳ್ಳು ಹೇಳಲಿಲ್ಲ. ಸ್ವಿಚ್ಚು ಅಂಟಿಕೊಂಡರೆ "ಬಂದ್ ಆಗಿಲ್ಲ, ಮುಟ್ಟಬೇಡಿ" ಎಂದು ಕನ್ನಡದಲ್ಲೇ ಸಂದೇಶ ಬರುತ್ತಿತ್ತು. ಅಕ್ಕಾರು, "ಹಿಂದಿನ ವರದಿ ಬಂದ ಜಾಗಾದಾಗ, ಅಷ್ಟ ದೊಡ್ಡ ಅಕ್ಷರದಾಗ ಹಾಕ್ರಿ," ಎಂದರು.

ನಾನು ಒಪ್ಪಲಿಲ್ಲ. "ಅವ್ರು ನಮ್ಮನ್ನ ಉಪವಾಸ ಕೆಡವಿದ್ರು, ಅಕ್ಕಾರ. ಒಳಗಿನ ಪುಟದಾಗ ನಾಕು ಸಾಲು ಸಾಕ್ರಿ."

"ನಾವು ಉಪವಾಸ ಬಿದ್ದದ್ದಕ್ಕೂ ಆ ಡಬ್ಬಿ ಖರೇ ಹೇಳೂದಕ್ಕೂ ಸಂಬಂಧ ಐತೇನು? ಸಿಟ್ಟ ನನಗೂ ಐತಿ. ಅದನ್ನ ಅಂಕಿಯೊಳಗ ಕಲಸೂದು ಬ್ಯಾಡ."

ವರದಿ ಬಂದ ವಾರದಲ್ಲೇ ಕಂಪನಿಯ ಅಧಿಕಾರಿ ಹಿಂದಿನ ಪುಟದ ಜಾಹೀರಾತು ಹಿಡಿದು ಬಂದರು. ಊರಲ್ಲಿ ಆಗಲೇ, ಅಕ್ಕಾರು ಸೆಟ್ಲ್‌ಮೆಂಟ್ ಮಾಡಿಕೊಂಡರು ಎಂಬ ಗುಸುಗುಸು ಎದ್ದಿತ್ತು. ಕಚೇರಿಯ ಬಾಡಿಗೆ ಬಾಕಿ ಇತ್ತು. ಅಧಿಕಾರಿ ಸಾವಿತ್ರಿಯ ಮುಂದೆ ಕುಳಿತಿದ್ದಾಗ ಅಕ್ಕಾರು ತಾವೇ ಹೊಸ್ತಿಲಿಗೆ ಬಂದು ನಿಂತರು.

"ಒಂದು ವರ್ಷ ನಿಮ್ಮ ಜಾಹೀರಾತು ಬ್ಯಾಡ್ರಿ. ಸಿಟ್ಟಿಲೆ ಹೇಳೂದಲ್ಲ. ಈಗ ತಗೊಂಡ್ರ ನಾವು ಬರದದ್ದು ಖರೇ ಇದ್ದರೂ ಮಂದಿ ಕಣ್ಣಾಗ ಸುಳ್ಳ ಆಗತೈತಿ. ಅದ್ರಾಗ ನಿಮಗೂ ಲುಕ್ಸಾನ ಐತಿ."

ಅಧಿಕಾರಿ ಎದ್ದು ನಿಂತು ಕೈಮುಗಿದರು. ಆ ಮನುಷ್ಯ ಆಮೇಲೆ ತಮ್ಮ ಸ್ವಂತ ಹೆಸರಿನಲ್ಲಿ ಚಂದಾ ಕಟ್ಟಿ ಪತ್ರಿಕೆ ತರಿಸಿಕೊಳ್ಳುತ್ತಿದ್ದರು. ಬಾಡಿಗೆಯ ವಿಷಯಕ್ಕೆ ಸಾವಿತ್ರಿ ಬಟ್ಟೆ ಅಂಗಡಿಯವರಲ್ಲಿ ಹೋಗಿ ಏನು ಮಾತಾಡಿದಳೋ, ಅವರು ನಮ್ಮನ್ನು ಎಬ್ಬಿಸಲಿಲ್ಲ. ಬಡಕಲಾಗಿಯೇ ಆದರೂ ಪತ್ರಿಕೆ ಇನ್ನೂ ಕೆಲವು ವರ್ಷ ನಡೆಯಿತು.

ಕೊನೆಗೆ ಎಲ್ಲರ ಕೈಗೂ ದೊಡ್ಡ ಫೋನುಗಳು ಬಂದವು. ತಿಂಗಳಿಗೊಮ್ಮೆ ಬರುವ ಪತ್ರಿಕೆಗೆ ಕಾಯುವವರು ಕಡಿಮೆಯಾದರು. ಆಗ ದೂರದ ಶಹರದಿಂದ ಇಬ್ಬರು ಬಂದರು. ಕೃಷಿ ಸಾಧನಗಳಿಗೆ ಅಂಕ ಕೊಡುವ ಆ್ಯಪ್ ಮಾಡುತ್ತಾರಂತೆ, ಅದಕ್ಕೆ ನಮ್ಮ ಪತ್ರಿಕೆಯ ಹೆಸರು ಬೇಕಂತೆ. ನಂಬಿಕೆಯ ಹೆಸರು, ಒಳ್ಳೆಯ ಬೆಲೆ ಕೊಡುತ್ತೇವೆ, ಸಂಪಾದಕಿಯಾಗಿ ನೀವೇ ಇರಿ ಎಂದರು. ಅಕ್ಕಾರು ಗಮನವಿಟ್ಟು ಎಲ್ಲ ಕೇಳಿದರು. ಹೊಸದನ್ನು ಅವರು ಎಂದೂ ಹೀಗಳೆದವರಲ್ಲ. ಒಂದೇ ಪ್ರಶ್ನೆ ಕೇಳಿದರು: "ನಿಮಗ ರೊಕ್ಕಾ ಕೊಡೋ ಕಂಪನಿ ಮಾಲು ಯಾದಿಯೊಳಗ ಮ್ಯಾಲ ಬರತೈತೋ?"

ಇಬ್ಬರಲ್ಲಿ ಹುಡುಗಿ ಪ್ರಾಮಾಣಿಕಳು. "ಸ್ವಲ್ಪ ಮೇಲೆ ಬರುತ್ತೆ ಮೇಡಂ. ಇಲ್ಲದಿದ್ದರೆ ನಡೆಸೋಕಾಗಲ್ಲ," ಎಂದಳು.

"ನೀ ಖರೇ ಹೇಳಿದೆಲ್ಲ, ಸಂತೋಷ ಆತವಾ," ಎಂದು ಅಕ್ಕಾರು ಅವರಿಗೆ ಊಟ ಹಾಕಿಸಿ ಕಳಿಸಿದರು. ಅದರ ಮುಂದಿನ ಸಂಚಿಕೆಯೇ ಕೊನೆಯದು. ಅದರಲ್ಲಿ ಯಾವ ಯಂತ್ರದ ವರದಿಯೂ ಇರಲಿಲ್ಲ. ಒಂದು ಸಾಧನವನ್ನು ಹೇಗೆ ಕೊಳ್ಳಬೇಕು, ಎಲ್ಲೆಲ್ಲಿ ನೋಡಬೇಕು, ಏನು ಬರೆದುಕೊಳ್ಳಬೇಕು, ಯಾವಾಗ ಮಾತ್ರ ಬಾಯಿ ತೆರೆಯಬೇಕು ಎಂಬುದನ್ನಷ್ಟೇ ಎಲ್ಲರಿಗೂ ತಿಳಿಯುವಂತೆ ಬರೆದಿದ್ದರು. ಪತ್ರಿಕೆಯ ಹೆಸರನ್ನು ಬೇರೆ ಯಾರೂ ಹಚ್ಚಿಕೊಳ್ಳದಂತೆ ಕಾಗದಪತ್ರ ಮಾಡಿಸಿ, ಚಿಕ್ಕೋಡಿಯ ಖೋಲಿಗಳ ಕೀಲಿಕೈ ಮಾಲಕರಿಗೆ ಒಪ್ಪಿಸಿದರು.

ಅವರು ತೀರಿಕೊಂಡ ದಿನ ಸಂಜೆ ಮಣ್ಣಿಗೆ ಬಂದವರು ಬಹಳ ಮಂದಿ. ಅದಾದ ಮೇಲೆ ನಾನೂ ಸಾವಿತ್ರಿಯೂ ಅವರ ಮನೆಯ ಕಟ್ಟೆಯ ಮೇಲೆ ಕುಳಿತಿದ್ದೆವು. ಬೋರಗಾಂವದವನೊಬ್ಬ ಕೈಚೀಲ ಹಿಡಿದು ಬಂದ. ಅವನಿಗೆ ಸುದ್ದಿ ಗೊತ್ತಿರಲಿಲ್ಲ. ಚೀಲದಲ್ಲಿ ಮಣ್ಣಿಗೆ ಚುಚ್ಚುವ ಒಂದು ಸಾಧನವಿತ್ತು, ಯಾವ ಗೊಬ್ಬರ ಎಷ್ಟು ಹಾಕಬೇಕೆಂದು ಫೋನಿನಲ್ಲಿ ಹೇಳುತ್ತದಂತೆ.

"ಇದು ಖರೇ ಹೇಳತೈತೋ ಸುಳ್ಳ ಹೇಳತೈತೋ ತಿಳೀವಲ್ದರಿ. ಅಕ್ಕಾರಿಗೆ ತೋರಿಸೂಣಂತ ಬಂದೀನ್ರಿ," ಎಂದ.

"ಅಕ್ಕಾರು ಹೋದ್ರಪಾ. ಇವತ್ತ ಮುಂಜಾನಿ," ಎಂದೆ ನಾನು.

ಅವನು ಚೀಲವನ್ನು ಕಟ್ಟೆಯ ಮೇಲಿಟ್ಟ. ಆಮೇಲೆ ಒಳಗೆ ಹೋಗಿ ಬುದ್ಧನ ಚಿತ್ರಕ್ಕೆ ಕೈಮುಗಿದು ಬಂದು, ಚೀಲ ಎತ್ತಿಕೊಂಡು ಹೊರಟ. ಮೆಟ್ಟಿಲು ಇಳಿಯುವಾಗ ಸಾವಿತ್ರಿ ಕರೆದಳು.

"ತಡೀರಿ. ಎಲ್ಲಿ ತಗೊಂಡ್ರಿ ಇದನ್ನ? ಕಂಪನಿಯವ್ರು ಕೊಟ್ಟದ್ದೋ, ಅಂಗಡ್ಯಾಗ ಕೊಂಡದ್ದೋ?"

"ಅಂಗಡ್ಯಾಗ್ರಿ."

ಅವಳು ಎದ್ದು ಹೋಗಿ ಚೀಲಕ್ಕೆ ಕೈ ಚಾಚಿದಳು. "ಒಂದರಾಗ ತಿಳಿಯೂದಿಲ್ಲ. ನಿಮ್ಮ ಊರಾಗ ಇನ್ನ್ಯಾರ್‍ಯಾರು ತಗೊಂಡಾರ, ಹೇಳ್ರಿ."